ಮಲ್ಲಿಗೆಯ ಬುಡದಲ್ಲಿದ್ದ ಪೈಪು

ತುಳುವರ ಸುಗ್ಗಿ ತಿಂಗಳು ಬಂತೆಂದರೆ ನಮ್ಮ ಮನೆಯ ಅಟ್ಟದಿಂದ ಮೊದಲು ಇಳಿಯುವುದು ನನ್ನ ಪಾನಗಳ, ಅಂದರೆ ಸ್ಪ್ಯಾನರುಗಳ, ಪೆಟ್ಟಿಗೆ. ಮಾರ್ಚ್ ತಿಂಗಳ ಯಾವುದಾದರೊಂದು ಭಾನುವಾರ, ಶಾಲೆಯ ಉತ್ತರಪತ್ರಿಕೆಗಳ ಕಟ್ಟನ್ನು ಮೂಲೆಗೆ ಸರಿಸಿ, ಸೊಂಟಕ್ಕೆ ಹಳೆಯ ಬೈರಾಸು ಸುತ್ತಿಕೊಂಡು, ಮನೆಯ ನಳ್ಳಿಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬರುತ್ತೇನೆ. ಸವೆದ ವಾಷರ್ ತೆಗೆದು ಹೊಸದು ಹಾಕಬೇಕು. ತೊಟ್ಟಿಕ್ಕುವ ಜಾಯಿಂಟಿಗೆ ಬಿಳಿ ಟೇಪು ಸುತ್ತಬೇಕು. ತಾರಸಿಯ ಟಾಂಕಿಯೊಳಗೆ ಇಳಿದು ತಳದಲ್ಲಿ ಕೂತ ಕೆಂಪು ಕೆಸರನ್ನು ತೆಂಗಿನ ನಾರಿನಿಂದ ತಿಕ್ಕಬೇಕು. ಬಾವಿಯ ಪಂಪಿನ ಫುಟ್‌ವಾಲ್ವನ್ನು ಮೇಲೆತ್ತಿ ಅದರ ಜಾಲರಿಗೆ ಸಿಕ್ಕಿದ ಬೇರು, ಎಲೆ ಕಿತ್ತೆಸೆಯಬೇಕು. ಎಪ್ರಿಲ್, ಮೇ ತಿಂಗಳ ನೀರಿನ ಪರದಾಟಕ್ಕೆ ಮೊದಲು ಮನೆಯಲ್ಲಿ ಒಂದು ಹನಿಯೂ ದಂಡವಾಗಬಾರದು, ಅಷ್ಟೇ ಇದರ ಉದ್ದೇಶ.

ಪುರೋಹಿತರ ಮನೆಯವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಬಂದದ್ದು ಅಪ್ಪನ ಮಡಿಯಿಂದ. ಅಪ್ಪ ಒಂದು ಸಣ್ಣ ದೇವಸ್ಥಾನದ ಅರ್ಚಕರಾಗಿದ್ದರು. ನಳ್ಳಿಯೊಳಗೆ ಚರ್ಮದ ವಾಷರ್ ಇರುತ್ತದೆ, ಚರ್ಮ ಮುಟ್ಟಿದ ನೀರು ದೇವರಿಗೆ ಆಗುವುದಿಲ್ಲ ಎಂದು ಅವರು ಬಾವಿಯ ನೀರು ಬಿಟ್ಟು ಬೇರೆ ನೀರನ್ನು ಪೂಜೆಗೆ ಮುಟ್ಟುತ್ತಿರಲಿಲ್ಲ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಇದೊಂದು ದೊಡ್ಡ ರಗಳೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಸಿಟ್ಟು ಬಂದು, ಮನೆಯ ಅಷ್ಟೂ ನಳ್ಳಿ ಬಿಚ್ಚಿ, ಒಳಗಿನ ಚರ್ಮದ ಬಿಲ್ಲೆಗಳನ್ನು ತೆಗೆದು, ರಬ್ಬರಿನದ್ದು ಹಾಕಿದೆ. ಅಪ್ಪ ಪ್ರತಿಯೊಂದು ರಬ್ಬರನ್ನೂ ಕೈಯಲ್ಲಿ ಹಿಡಿದು, ಮೂಸಿ ನೋಡಿ, ಆಮೇಲೆ "ಆಗಬಹುದು" ಎಂದರು. ಅವತ್ತಿನಿಂದ ಮನೆಯ ನೀರಿನ ಕೆಲಸ ನನ್ನದಾಯಿತು. ಅಪ್ಪ ಹೋದ ಮೇಲೂ ನಾನು ವಾಷರ್ ಕೊಳ್ಳುವಾಗ ಅಂಗಡಿಯವನಿಗೆ ರಬ್ಬರಿನದ್ದೇ ತಾನೇ ಎಂದು ಎರಡು ಸಲ ಕೇಳುತ್ತೇನೆ.

ಈ ಕೆಲಸದಲ್ಲಿ ನನಗೆ ಜಂಬ ಇತ್ತು, ಅದನ್ನು ಓಣಿಯವರು ಬೆಳೆಸಿದರು. ನಂತೂರಿನಿಂದ ಪಂಪ್‌ವೆಲ್ ಕಡೆಗೆ ಇಳಿಯುವ ಹೆದ್ದಾರಿಯ ಬದಿಗೆ ನಮ್ಮದು ಎಂಟೋ ಒಂಬತ್ತೋ ಮನೆಗಳ ಓಣಿ. ಯಾರ ಮನೆಯ ನಳ್ಳಿ ಸೋರಿದರೂ "ಭಟ್ರನ್ನು ಕರೀರಿ" ಎನ್ನುತ್ತಿದ್ದರು. ಹೋಗಿ ಮಾಡಿಕೊಡುತ್ತಿದ್ದೆ, ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಮಾತನ್ನು ಮಕ್ಕಳು ಕೇಳುತ್ತಿದ್ದರೋ ಇಲ್ಲವೋ, ಓಣಿಯಲ್ಲಿ ಪೈಪಿನ ವಿಷಯದಲ್ಲಿ ನಾನು ಹೇಳಿದ್ದೇ ಕೊನೆಯ ಮಾತು. ಈ ಕಥೆಯ ದುರವಸ್ಥೆಗೆಲ್ಲ ಆ ಮರ್ಯಾದೆಯೇ ಬಂಡವಾಳವಾಯಿತು.

ಮೂರು ವರ್ಷದ ಹಿಂದಿನ ಮಾತು. ಆ ಸಲ ಮಾರ್ಚ್ ಮೊದಲ ವಾರದಲ್ಲೇ ಬಾವಿಯ ತಳದ ಕಲ್ಲು ಕಂಡಿತು. ನಗರದ ಪೈಪಿನ ನೀರು ದಿನ ಬಿಟ್ಟು ದಿನ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಬರುತ್ತದೆ ಎಂದಾಯಿತು. ಅದೂ ಸಣ್ಣಗೆ. ಟಾಂಕಿ ಮುಕ್ಕಾಲು ತುಂಬುವುದರೊಳಗೆ ಹೊತ್ತು ಮುಗಿದು ಹೋಗುತ್ತಿತ್ತು. ಮುಕ್ಕಾಲು ಟಾಂಕಿ ನೀರು ನಾವು ಗಂಡಹೆಂಡತಿ ಇಬ್ಬರಿಗೆ ಎರಡು ದಿನಕ್ಕೆ ಸಾಲುತ್ತಿತ್ತು ಎಂಬುದು ನನಗೆ ಈಗ ಗೊತ್ತು. ಆಗ ಅದನ್ನು ಯೋಚಿಸಲಿಲ್ಲ. ಪೂರ್ತಿ ತುಂಬದ ಟಾಂಕಿ ನೋಡಿದರೆ ನನಗೆ ಆಗುವುದಿಲ್ಲ, ಅದು ನನ್ನ ಸ್ವಭಾವ.

ಹಂಪನಕಟ್ಟೆಗೆ ಹೋಗಿ ಒಂದು ಟಿ ಜಾಯಿಂಟು, ಒಂದು ಗೇಟ್‌ವಾಲ್ವು ತಂದೆ. ಬಾವಿಯಲ್ಲಿ ನೀರಿಲ್ಲದೆ ಮೋಟರು ಸುಮ್ಮನೆ ಕೂತಿತ್ತಲ್ಲ, ಅದರ ಬಾಯಿಯನ್ನು ರಸ್ತೆಯಿಂದ ಬರುವ ಪೈಪಿಗೆ ಜೋಡಿಸಿದೆ. ವಾಲ್ವು ತಿರುಗಿಸಿ ಸ್ವಿಚ್ ಹಾಕಿದರೆ ಮೋಟರು ಲೈನಿನ ನೀರನ್ನು ನೇರ ಎಳೆದು ಟಾಂಕಿಗೆ ದೂಡುತ್ತದೆ. ಇದು ತಪ್ಪು, ಕಾನೂನಿಗೂ ವಿರುದ್ಧ. ಗೊತ್ತಿಲ್ಲದೆ ಮಾಡಿದ್ದಲ್ಲ. ಅಂಗಡಿಯವನು ನಾನು ಕೊಂಡ ಸಾಮಾನು ನೋಡಿಯೇ ಸಂಗತಿ ಊಹಿಸಿ, ಎಲ್ಲರೂ ಮಾಡ್ತಾರೆ ಭಟ್ರೇ ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ.

ಒಂದೂವರೆ ಗಂಟೆಯಲ್ಲಿ ಟಾಂಕಿ ತುಂಬಿ, ಒಂಬತ್ತರವರೆಗೂ ಹೆಚ್ಚಾದ ನೀರು ಹಿತ್ತಲಿನ ಬಾಳೆಯ ಬುಡಕ್ಕೆ ಬೀಳುತ್ತಿತ್ತು. ನನಗೆ ಖುಷಿಯೋ ಖುಷಿ. ಒಂದೇ ತೊಂದರೆ, ನಮ್ಮ ಬಾವಿ ಬತ್ತಿದ್ದು ಓಣಿಗೆಲ್ಲ ಗೊತ್ತು. ನೀರಿಲ್ಲದ ಬಾವಿಯ ಮೋಟರು ಇಷ್ಟು ಹೊತ್ತು ಯಾಕೆ ಓಡುತ್ತದೆ ಎಂದು ಯಾರಾದರೂ ಕೇಳಿದರೆ? ಅದಕ್ಕೊಂದು ಉಪಾಯ ಮಾಡಿದೆ. ನೀರು ಬರುವ ದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ಮೊಬೈಲಿಗೆ ಸ್ಪೀಕರು ಜೋಡಿಸಿ, ಹಿತ್ತಲಿನ ಕಿಟಕಿಯಲ್ಲಿಟ್ಟು, ದೇವರ ಸ್ತೋತ್ರ ಹಾಕುತ್ತಿದ್ದೆ. ಅರ್ಚಕರ ಮಗ, ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಹೆಂಡತಿ ಮಾತ್ರ ಒಂದು ಸಲ ಕಿಟಕಿಯನ್ನೂ ಒಂದು ಸಲ ನನ್ನನ್ನೂ ನೋಡಿ ಒಳಗೆ ಹೋದಳು.

ಓಣಿಯ ಪೈಪು ನಮ್ಮ ಮನೆ ದಾಟಿ, ಸ್ವಲ್ಪ ದರೆಯ ಏರು ಹತ್ತಿ, ಪಕ್ಕದ ಮನೆಯಲ್ಲಿ ಮುಗಿಯುತ್ತದೆ. ಆ ಮನೆಯ ಅಕ್ಕ ಮಲ್ಲಿಗೆ ಬೆಳೆಸುತ್ತಿದ್ದರು. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ನಾನು ಅಕ್ಕ ಎಂದೇ ಕರೆಯುವುದು. ತಾರಸಿಯ ತುಂಬ ಮಣ್ಣಿನ ಚಟ್ಟಿಗಳಲ್ಲಿ ಗಿಡಗಳು, ಅಂಗಳದಲ್ಲಿ ಕಂಪೌಂಡಿನ ಬದಿಗೆ ನೆಲದಲ್ಲೇ ಊರಿದ ಒಂದು ದೊಡ್ಡ ಗಿಡ. ಅದು ಅವರ ಅತ್ತೆ ತವರಿನಿಂದ ಕೊಂಬೆ ಮುರಿದು ತಂದ ಗೆಲ್ಲು. ತಾರಸಿಯ ಚಟ್ಟಿಗಳೆಲ್ಲ ಅದರದ್ದೇ ಸಂತಾನ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಬಸ್ಸಿನಲ್ಲಿ ಹಂಪನಕಟ್ಟೆಯ ಹೂವಿನ ಅಂಗಡಿಗೆ ಕೊಟ್ಟು ಬರುತ್ತಿದ್ದರು. ಮೊದಲೆಲ್ಲ ಅದು ಕೈಖರ್ಚಿನ ದಾರಿ. ಆ ವರ್ಷ ಹಾಗಿರಲಿಲ್ಲ. ಗಲ್ಫಿನಲ್ಲಿದ್ದ ಗಂಡನ ಕಂಪೆನಿ ಮುಚ್ಚಿ, ಅವರು ಅಲ್ಲೇ ಬೇರೆ ಕೆಲಸ ಹುಡುಕುತ್ತಾ ಗೆಳೆಯರ ಕೋಣೆಯಲ್ಲಿದ್ದರು. ಮದುವೆಗಳ ಕಾಲ, ಮಲ್ಲಿಗೆಗೆ ಒಳ್ಳೆಯ ರೇಟು. ಮನೆ ನಡೆಯುವುದು, ಮಕ್ಕಳ ಕಾಲೇಜು ನಡೆಯುವುದು ಎಲ್ಲ ಆ ಗಿಡಗಳಿಂದ, ಆ ಗಿಡಗಳು ನಡೆಯುವುದು ನೀರಿನಿಂದ. ಅವರ ಜಾಗದಲ್ಲಿ ಬಾವಿ ಇಲ್ಲ, ಕೆಳಗೆಲ್ಲ ಮುರಕಲ್ಲಿನ ಬಂಡೆ.

ಮಾರ್ಚ್ ನಡುವಿನಲ್ಲಿ ಒಂದು ಸಂಜೆ ಅಕ್ಕ ನಮ್ಮ ಗೇಟಿಗೆ ಬಂದರು. ನಮ್ಮ ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ವಾರದಿಂದ ನಳ್ಳಿಯಲ್ಲಿ ನೀರು ನೂಲಿನ ಹಾಗೆ ಬರುತ್ತದೆ, ಈಗ ಅದೂ ಇಲ್ಲ, ಗಾಳಿ ಮಾತ್ರ ಬರುತ್ತದೆ ಎಂದರು. ಹೋದ ವರ್ಷ ಹೀಗಿರಲಿಲ್ಲ, ನೀವೊಮ್ಮೆ ನೋಡುತ್ತೀರಾ ಎಂದು ಕೇಳಿದರು.

ಆ ಕ್ಷಣದಲ್ಲಿ ನನಗೆ ಎಲ್ಲ ಗೊತ್ತಾಯಿತು. ನನ್ನ ಮೋಟರು ಎಳೆಯುವಾಗ ದರೆಯ ಮೇಲಿನ ಮನೆಗೆ ನೀರು ಹತ್ತುವುದಾದರೂ ಹೇಗೆ? ಅಲ್ಲೇ ಬಾಯಿ ಬಿಡಬಹುದಿತ್ತು. ಬೇಡ, ಬಾಯಿ ಬಿಡದೆ ಮರುದಿನ ವಾಲ್ವನ್ನಾದರೂ ಮುಚ್ಚಬಹುದಿತ್ತು. ನಾನು ಮಾಡಿದ್ದೇನು? ಪೆಟ್ಟಿಗೆ ಎತ್ತಿಕೊಂಡು ಅವರ ಮನೆಗೆ ಹೋದೆ. ನಳ್ಳಿ ಬಿಚ್ಚಿದೆ, ವಾಷರ್ ಬದಲಿಸಿದೆ, ಪೈಪಿಗೆ ಕಿವಿ ಕೊಟ್ಟೆ, ಪಾನದಿಂದ ಎರಡು ಕಡೆ ಕುಟ್ಟಿದೆ, ತಲೆಯಾಡಿಸಿದೆ. ವೈದ್ಯರು ನಾಡಿ ಹಿಡಿದ ಹಾಗೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಹಳೇ ಕಬ್ಬಿಣದ ಪೈಪಲ್ವಾ ಅಕ್ಕ, ಒಳಗೆ ತುಕ್ಕು ಹಿಡಿದು ಕಟ್ಟಿಕೊಂಡಿದೆ," ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕಾರಣ ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಆದರೆ ಪೈಪಿನ ವಿಷಯದಲ್ಲಿ ನನಗೆ ಗೊತ್ತಿಲ್ಲ ಎನ್ನುವ ಮಾತು ನನ್ನ ನಾಲಿಗೆಗೆ ಬರಲಿಲ್ಲ. ಕಳ್ಳತನ ಮಾಡಿದ್ದಕ್ಕಿಂತ ಹೆಚ್ಚಾಗಿ ಆ ಜಾಣತನಕ್ಕೆ ನನಗೆ ಇವತ್ತೂ ನಾಚಿಕೆಯಾಗುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಪೈಪು ಸರಿಯಾಗುವವರೆಗೆ ನಾನು ನೀರು ಕೊಡುತ್ತೇನೆ ಎಂದೆ. ನಮ್ಮ ಟಾಂಕಿಯಿಂದ ಹೋಸ್ ಪೈಪು ಎಳೆದು, ಕಂಪೌಂಡಿನ ಮೇಲಿಂದ ಆಚೆ ಇಳಿಸಿ, ದಿನವೂ ಸಂಜೆ ಅರ್ಧ ಗಂಟೆ ನೀರು ಬಿಡುತ್ತಿದ್ದೆ. ಅಕ್ಕ ಕೊಡಪಾನ, ಬಾಲ್ದಿ, ಹಂಡೆ, ಹಳೆಯ ಪೈಂಟಿನ ಡಬ್ಬಿ ಸಾಲಾಗಿ ಇಟ್ಟು ಹಿಡಿಯುತ್ತಿದ್ದರು. ಮಕ್ಕಳು ಅದನ್ನು ತಾರಸಿಗೆ ಹೊರುತ್ತಿದ್ದರು. ಮನೆಗೆ ಆಗುವಷ್ಟು ಆಗುತ್ತಿತ್ತು, ಗಿಡಗಳಿಗೆ ಅರೆಬರೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಆ ಅಳಿಯನಿಗಾದರೂ ಸಂಬಂಧದ ಒಂದು ನೆಪ ಇತ್ತು.

ಅಕ್ಕ ನೀರಿನ ಋಣ ಇಟ್ಟುಕೊಳ್ಳುವವರಲ್ಲ. ಮರುದಿನದಿಂದ ಪ್ರತಿ ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ ನಮ್ಮ ಜಗಲಿಯಲ್ಲಿರುತ್ತಿತ್ತು, ಭಟ್ರ ಮನೆಯ ದೇವರಿಗೆ ಎಂದು. ನಾನು ಮಡಿಯುಟ್ಟು, ಆ ಹೂವನ್ನು ದೇವರಿಗೆ ಏರಿಸಿ, ಎಳೆದು ತಂದ ಆ ನೀರಿನಲ್ಲೇ ಅಭಿಷೇಕ ಮಾಡಿ, ತೀರ್ಥ ತೆಗೆದುಕೊಳ್ಳುತ್ತಿದ್ದೆ. ಅಪ್ಪ ಒಂದು ಚರ್ಮದ ಬಿಲ್ಲೆಗಾಗಿ ಬೇಸಿಗೆಯಿಡೀ ಒದ್ದಾಡಿದ ದೇವರಕೋಣೆ ಅದು.

ಹೆಂಡತಿ ಆ ಹೂವನ್ನು ಮುಡಿಯುತ್ತಿರಲಿಲ್ಲ. ಒಂದು ಸಂಜೆ ನಾನು ಕಂಪೌಂಡಿನ ಹತ್ತಿರ ನಿಂತು ಹೋಸ್ ಹಿಡಿದು, ಸಾಕಾ ಅಕ್ಕ, ಇನ್ನೊಂದು ಬಾಲ್ದಿ ತುಂಬಿಸಿಕೊಳ್ಳಿ ಎಂದು ಉದಾರವಾಗಿ ಹೇಳಿ ಬಂದೆ. ಒಳಗೆ ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಅವರ ನೀರನ್ನು ಅವರಿಗೇ ಕೊಡ್ಲಿಕ್ಕೆ ನಿಮಗೆ ಎಂತ ಇಷ್ಟು ಗತ್ತು?" ಎಂದಳು. ನನಗೆ ಸಿಟ್ಟು ಬಂತು, ಊಟ ಮಾಡದೆ ಮಲಗಿದೆ. ಸತ್ಯ ಹೇಳಿದವರ ಮೇಲೆ ಸಿಟ್ಟು ಬರುವುದು ನನ್ನ ಇನ್ನೊಂದು ಸ್ವಭಾವ.

ಅಕ್ಕನಿಗೆ ನನ್ನ ಉಪಕಾರ ಭಾರವಾಗತೊಡಗಿತು. ದಿನವೂ ಬೇರೆಯವರ ಮುಂದೆ ಕೊಡಪಾನ ಹಿಡಿಯುವುದು ಸರಿಯಲ್ಲ, ಪೈಪನ್ನೇ ಬದಲಿಸಿಬಿಡುತ್ತೇನೆ ಎಂದು ನಿರ್ಧರಿಸಿದರು. ಕಿವಿಯಲ್ಲಿದ್ದ ಓಲೆ ಆ ವಾರ ಕಾಣಲಿಲ್ಲ. ಪಂಪ್‌ವೆಲ್ ಕಡೆಯ ಒಬ್ಬ ಪೈಪಿನ ಕೆಲಸದವನನ್ನು ಗೊತ್ತು ಮಾಡಿ, ಪೈಪು ಎಲ್ಲಿ ಹಾದುಹೋಗಿದೆ ಎಂದು ತೋರಿಸಿಕೊಡಲು ನನ್ನನ್ನು ಕರೆದರು. ಅದನ್ನು ಹೂತದ್ದು ಅವರ ಮಾವನ ಕಾಲದಲ್ಲಿ. ಆಗ ನಾನು ನೋಡಿದ್ದೆ. ಓಣಿಯಲ್ಲಿ ಉಳಿದವರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಒಂದು ಕೋಲು ತೆಗೆದುಕೊಂಡು ಗೇಟಿನಿಂದ ನೆಲದ ಮೇಲೆ ಗೀರು ಎಳೆಯುತ್ತಾ ಹೋದೆ. ಗೀರು ನೇರವಾಗಿ ಮಲ್ಲಿಗೆಯ ದೊಡ್ಡ ಗಿಡದ ಬುಡಕ್ಕೆ ಹೋಯಿತು. ಪೈಪಿನ ಮೇಲೆಯೇ ಅತ್ತೆ ಗೆಲ್ಲು ಊರಿದ್ದರು, ಜಾಯಿಂಟಿನಿಂದ ಒಸರುವ ತೇವ ಸಿಗಲಿ ಎಂದೋ ಏನೋ. ಕೆಲಸದವನು ಗಿಡವನ್ನು ನೋಡಿ, ಇದನ್ನು ತೆಗೆಯದೆ ಆಗುವುದಿಲ್ಲ ಎಂದ. ಅಕ್ಕ ಗಿಡದ ಒಂದು ಗೆಲ್ಲನ್ನು ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಭಟ್ರೇ, ಬೇರೆ ದಾರಿ ಇಲ್ವಾ? ನೀವು ಹೇಳಿದ ಹಾಗೆ ಮಾಡ್ತೇನೆ," ಎಂದರು.

ಇದು ನನಗೆ ಸಿಕ್ಕಿದ ಕೊನೆಯ ಅವಕಾಶ. ಒಂದು ಮಾತು ಸಾಕಿತ್ತು. ಕೆಲಸದವನು ಎದುರಿಗೆ ನಿಂತಿದ್ದ, ಇಬ್ಬರು ಹೆಣ್ಣುಮಕ್ಕಳು ಮೆಟ್ಟಿಲಲ್ಲಿ ಕೂತಿದ್ದರು, ಎದುರು ಮನೆಯವರು ಗೇಟಿಗೆ ಬಂದು ನೋಡುತ್ತಿದ್ದರು. ಅಷ್ಟು ಜನರ ಎದುರು ಭಟ್ರು ಕಳ್ಳ ಎಂದಾಗುವುದಕ್ಕಿಂತ ಒಂದು ಗಿಡ ಹೋಗಲಿ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಅದು ನಿಧಾನವಾಗಿ ಹಾಕಿದ ಲೆಕ್ಕ, ನನಗೆ ಈಗಲೂ ನೆನಪಿದೆ. ಬುಡದ ಮಣ್ಣು ಸಮೇತ ಎತ್ತಿ ಬೇರೆ ಕಡೆ ನೆಟ್ಟರೆ ಬದುಕುತ್ತದೆ ಎಂದೆ.

ಅಕ್ಕ ಗಿಡ ಅಗೆಯಲು ಕೆಲಸದವನನ್ನು ಬಿಡಲಿಲ್ಲ. ತಾವೇ ಕೂತು ಸಣ್ಣ ಗುದ್ದಲಿಯಿಂದ ಸುತ್ತ ಬಿಡಿಸಿ, ಕೊನೆಗೆ ಕೈಯಿಂದಲೇ ಮಣ್ಣು ಸರಿಸಿ, ಒದ್ದೆ ಗೋಣಿಯಲ್ಲಿ ಬುಡ ಸುತ್ತಿ ಮಕ್ಕಳ ಸಹಾಯದಿಂದ ಎತ್ತಿದರು. ಒಂದು ದಪ್ಪ ಬೇರು ಪೈಪಿಗೆ ಸುತ್ತಿಕೊಂಡಿತ್ತು. ಅದನ್ನು ಕಡಿಯಲೇಬೇಕಾಯಿತು. ನಾನು ಕಂಪೌಂಡಿಗೆ ಒರಗಿ ನಿಂತು, ಹೀಗೆ ಹಿಡಿಯಿರಿ, ಹಾಗೆ ಹಿಡಿಯಿರಿ ಎಂದು ಸಲಹೆ ಕೊಡುತ್ತಿದ್ದೆ.

ಆಮೇಲೆ ಪೈಪು ಹೊರಬಂತು. ಕೆಲಸದವನು ಅದನ್ನು ಕತ್ತರಿಸಿ, ಒಂದು ತುಂಡನ್ನು ಆಕಾಶಕ್ಕೆ ಹಿಡಿದು ಒಳಗೆ ನೋಡಿದ. ಇನ್ನೊಂದು ತುಂಡು ನೋಡಿದ. ಮೂರನೆಯದ್ದನ್ನೂ ನೋಡಿ ಕೆಳಗಿಟ್ಟ. ಹೊರಗೆ ಮಾತ್ರ ತುಕ್ಕು, ಒಳಗೆ ಆಚೆಯ ಬೆಳಕು ದುಂಡಗೆ ಕಾಣುವಷ್ಟು ಸ್ವಚ್ಛವಾಗಿತ್ತು. ತುಕ್ಕು ಎಲ್ಲುಂಟು ಎಂದು ನನ್ನನ್ನು ಕೇಳಿದ. ರಸ್ತೆಯ ಕಡೆಯ ತುದಿಯಲ್ಲಿರಬೇಕು ಎಂದೆ. ಅವನು ನನ್ನನ್ನು ಒಮ್ಮೆ ನೋಡಿದ, ನಮ್ಮ ಮನೆಯ ಹಿತ್ತಲಿನ ಕಡೆ ಒಮ್ಮೆ ನೋಡಿದ, ಆಮೇಲೆ ಹೊಸ ಪೈಪು ಕೂರಿಸತೊಡಗಿದ. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಸಂಜೆ ಕೆಲಸ ಮುಗಿಸಿ ಹೋಗುವಾಗ ಅವನು ನಮ್ಮ ಗೇಟಿನ ಹತ್ತಿರ ನಿಂತ. ನನ್ನ ವಯಸ್ಸಿನವನೇ, ಕೂದಲೆಲ್ಲ ಬೆಳ್ಳಗಾಗಿತ್ತು. ದನಿ ತಗ್ಗಿಸಿ, "ನಾಳೆ ನೀರು ಬರದಿದ್ರೆ ಆ ಅಕ್ಕ ನನ್ನ ಕೆಲಸ ಸರಿ ಇಲ್ಲ ಅಂತ ಹೇಳ್ತಾರೆ. ಅದೊಂದು ನೋಡ್ಕೊಳ್ಳಿ ಭಟ್ರೇ," ಎಂದ. ಅಷ್ಟೇ ಹೇಳಿ ಸೈಕಲ್ ಹತ್ತಿದ. ಅವನು ಬೈದಿದ್ದರೆ ನಾನು ಜಗಳವಾಡುತ್ತಿದ್ದೆನೋ ಏನೋ.

ಅವತ್ತೇ ವಾಲ್ವು ಮುಚ್ಚಿ, ಟಿ ಜಾಯಿಂಟು ಬಿಚ್ಚಿ ತೆಗೆದೆ. ಪಶ್ಚಾತ್ತಾಪದಿಂದ ಎಂದು ಬರೆಯಬೇಕೆಂದು ಆಸೆ. ಹೆದರಿಕೆಯಿಂದ ತೆಗೆದದ್ದು. ಅವನು ಓಣಿಯಲ್ಲಿ ಬಾಯಿ ಬಿಟ್ಟರೆ ಏನು ಗತಿ ಎಂಬುದೊಂದೇ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ನಳ್ಳಿಯಲ್ಲಿ ನೀರು ಬಂತು. ದರೆಯ ಮೇಲಿಂದ ಮಕ್ಕಳ ಸದ್ದು ಕೇಳಿಸಿತು, ಬಾಲ್ದಿ ಇಡುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದರು. ನೀವು ತುಕ್ಕು ಅಂತ ಹೇಳಿದ್ದು ಸರಿಯಾಗಿತ್ತು, ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಓಣಿಯವರಿಗೆಲ್ಲ ಹೇಳಿದರು. ಎದುರು ಮನೆಯವರು ನನ್ನನ್ನು ಕಂಡಾಗ, ಎಂಥ ಕಣ್ಣು ಮಾರಾಯ್ರೆ ನಿಮ್ಮದು, ನೆಲದ ಕೆಳಗಿನದ್ದು ಕಾಣ್ತದೆ ಎಂದು ಹೊಗಳಿದರು. ನನ್ನ ಸುಳ್ಳನ್ನು ನಾನೇ ವಾಲ್ವು ಮುಚ್ಚಿ ಸತ್ಯ ಮಾಡಿಬಿಟ್ಟಿದ್ದೆ. ಮೋಟರಿಲ್ಲದೆ ನಮ್ಮ ಟಾಂಕಿಯೂ ಮೊದಲಿನ ಹಾಗೆ ಮುಕ್ಕಾಲು ತುಂಬುತ್ತಿತ್ತು, ನಮಗೆ ಸಾಕಾಗಿ ಉಳಿಯುತ್ತಿತ್ತು. ಅದನ್ನು ನೋಡಿದ ದಿನ ನನಗೆ ತಾರಸಿಯಿಂದ ಕೆಳಗೆ ಇಳಿಯಲು ಮನಸ್ಸಾಗಲಿಲ್ಲ.

ಮಲ್ಲಿಗೆ ಬದುಕಲಿಲ್ಲ. ಕಿತ್ತು ನೆಡುವ ಕಾಲವೇ ಅದಲ್ಲ, ಅದೂ ನನಗೆ ಗೊತ್ತಿತ್ತು. ಅಕ್ಕ ಅದಕ್ಕೆ ತೆಂಗಿನ ಗರಿಯ ನೆರಳು ಕಟ್ಟಿದರು, ಹೊತ್ತು ಹೊತ್ತಿಗೆ ನೀರೆರೆದರು. ಮೊದಲು ಮೊಗ್ಗು ಉದುರಿತು, ಆಮೇಲೆ ಎಲೆ, ಎರಡು ವಾರದಲ್ಲಿ ಕಡ್ಡಿ ಮುರಿದರೆ ಟಕ್ಕೆನ್ನುವಷ್ಟು ಒಣಗಿತು. ತಾರಸಿಯ ಚಟ್ಟಿಗಳಲ್ಲೂ ಅರ್ಧ ಆ ಮೊದಲೇ ಒಣಗಿ ಹೋಗಿದ್ದವು. ಮದುವೆಗಳ ಕಾಲ ಹಾಗೆಯೇ ಕಳೆದುಹೋಯಿತು. ಹಿರಿಯ ಮಗಳು ಕಾಲೇಜು ಮುಗಿಸಿ ಸಂಜೆ ಬಟ್ಟೆ ಅಂಗಡಿಯೊಂದರಲ್ಲಿ ನಿಲ್ಲತೊಡಗಿದಳು.

ಬಿಸು ಬಂತು. ತುಳುವರಿಗೆ ಅದು ಹೊಸ ವರ್ಷ. ಬೆಳಿಗ್ಗೆ ದೇವರೆದುರು ಜೋಡಿಸಿಟ್ಟ ಹಣ್ಣುಕಾಯಿಗಳ ಕಣಿ ನೋಡಿ, ಹಿರಿಯರ ಕಾಲಿಗೆ ಬಿದ್ದು ಆಶೀರ್ವಾದ ಪಡೆಯುವುದು ರೂಢಿ. ನಾನು ಪೂಜೆ ಮುಗಿಸಿ ಜಗಲಿಗೆ ಬಂದಾಗ ಅಕ್ಕ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಗೇಟು ತೆರೆಯುತ್ತಿದ್ದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಉಳಿದ ಚಟ್ಟಿಗಳಲ್ಲಿ ಸಿಕ್ಕಿದಷ್ಟು ಹೂವು. ಹೋದ ತಿಂಗಳು ಭಟ್ರು ಇಲ್ಲದಿದ್ದರೆ ನಮಗೆ ಕುಡಿಯಲಿಕ್ಕೂ ಗತಿ ಇರಲಿಲ್ಲ, ಕಾಲಿಗೆ ಬೀಳಿ ಎಂದು ಮಕ್ಕಳಿಗೆ ಹೇಳಿದರು. ಹಿರಿಯವಳು ಬಗ್ಗಿದಳು. ಅವಳ ಕೈ ನನ್ನ ಪಾದ ಮುಟ್ಟಿತು. ತಾರಸಿಗೆ ಕೊಡಪಾನ ಹೊತ್ತು ಹೊತ್ತು ಅವಳ ಅಂಗೈ ದಡ್ಡುಗಟ್ಟಿತ್ತು, ಅದು ನನ್ನ ಪಾದಕ್ಕೆ ಗೊತ್ತಾಯಿತು. ಆಶೀರ್ವಾದದ ಮಂತ್ರ ಬಾಯಿಗೆ ಬರಲಿಲ್ಲ. ಕಿರಿಯವಳು ಬಗ್ಗುವ ಮೊದಲು ನಾನು ಹಿಂದೆ ಸರಿದೆ.

"ಅಕ್ಕ, ನಿಮ್ಮ ಹಳೇ ಪೈಪಿಗೆ ಎಂತದ್ದೂ ಆಗಿರಲಿಲ್ಲ," ಎಂದೆ. "ನಾನು ಲೈನಿಗೆ ಮೋಟರು ಹಾಕಿ ನೀರು ಎಳೀತಿದ್ದೆ. ಅದಕ್ಕೆ ನಿಮಗೆ ಬರ್ತಿರಲಿಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆ ಎಂಬಂತೆ ಸ್ವಲ್ಪ ನಗುತ್ತಲೇ ಇದ್ದರು. ನಾನು ಟಿ ಜಾಯಿಂಟಿನ ಸಂಗತಿ, ಕಿಟಕಿಯ ಸ್ತೋತ್ರದ ಸಂಗತಿ, ಸಂಜೆ ಕೊಟ್ಟ ನೀರು ಅವರದೇ ಎಂಬ ಸಂಗತಿ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅವರ ಮುಖದ ನಗು ಹೋಯಿತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ಬೈಯುತ್ತಾರೆ ಎಂದು ಕಾದೆ. ಹೇಳಿದ್ದಕ್ಕಾದರೂ ಒಂದು ಮಾತು ಮೆಚ್ಚುತ್ತಾರೇನೋ ಎಂಬ ಆಸೆಯೂ ಒಳಗೆಲ್ಲೋ ಇತ್ತು ಎಂದು ಒಪ್ಪಿಕೊಳ್ಳಬೇಕು.

ಅಕ್ಕ ಒಂದೇ ಪ್ರಶ್ನೆ ಕೇಳಿದರು. "ನಾನು ಗಿಡ ಕೀಳುವಾಗ ನೀವು ಅಲ್ಲೇ ನಿಂತಿದ್ರಲ್ಲ ಭಟ್ರೇ?"

"ಹೌದು," ಎಂದೆ.

ಅವರು ಮಕ್ಕಳ ಭುಜ ಮುಟ್ಟಿ ಕರೆದುಕೊಂಡು ಹೋದರು. ಗೇಟನ್ನು ಎಂದಿನಂತೆ ಕೊಂಡಿ ಹಾಕಿಯೇ ಹೋದರು. ಹೂವಿನ ಪೊಟ್ಟಣ ಜಗಲಿಯಲ್ಲೇ ಉಳಿಯಿತು. ಇದನ್ನು ದೇವರಿಗೆ ಇಡಲಾ ಎಂದು ಹೆಂಡತಿ ಕೇಳಿದಳು. ಮಧ್ಯಾಹ್ನದ ಬಿಸಿಲಿಗೆ ಅದು ಅಲ್ಲೇ ಬಾಡಿತು.

ಆ ವಾರವಿಡೀ ನಾನು ಓಣಿಯಲ್ಲಿ ತಲೆ ತಗ್ಗಿಸಿ ನಡೆದೆ. ಇವತ್ತಲ್ಲ ನಾಳೆ ಯಾರಾದರೂ ಮುಖದ ಮೇಲೆ ಕೇಳುತ್ತಾರೆ, ಕೇಳಲಿ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಹೊಸ ಪೈಪಿನ ಖರ್ಚು ಕೊಡಲು ಹೋದೆ, ಅಕ್ಕ ಬಾಗಿಲ ಹೊರಗೆ ಬಂದು, ಬೇಡ ಎಂದರು. ನರ್ಸರಿಯಿಂದ ಮಲ್ಲಿಗೆ ಗಿಡ ತಂದುಕೊಡಲಾ ಎಂದೆ. ಅದಕ್ಕೂ ಬೇಡ ಎಂದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಮಳೆ ಬಂತು. ಆಗ ನನಗೆ ತಿಳಿಯಿತು, ಅಕ್ಕ ಯಾರಿಗೂ ಹೇಳಿಲ್ಲ. ಕ್ಷಮಿಸಿದ್ದಾರೆ ಎಂದು ಅಂದುಕೊಳ್ಳುವಂತೆಯೂ ಇರಲಿಲ್ಲ. ಎದುರು ಸಿಕ್ಕಿದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು, ಮಾತಾಡುತ್ತಿರಲಿಲ್ಲ. ಅವರು ಓಣಿಯ ನಡುವೆ ನಿಂತು ನಾಲ್ಕು ಜನರೆದುರು ನನ್ನ ಮಾನ ಕಳೆದಿದ್ದರೆ ನನ್ನ ಭಾರ ಕಡಿಮೆಯಾಗುತ್ತಿತ್ತು. ನಾನೇ ಯಾಕೆ ಓಣಿಗೆ ಹೇಳಲಿಲ್ಲ ಎಂದು ಕೇಳಬಹುದು. ಧೈರ್ಯವಿರಲಿಲ್ಲ. ಅದಕ್ಕೆ ಬೇರೆ ಹೆಸರು ಇಡುವುದಿಲ್ಲ.

ಅಕ್ಕನ ಗಂಡನಿಗೆ ಮರುವರ್ಷ ಗಲ್ಫಿನಲ್ಲೇ ಬೇರೆ ಕೆಲಸ ಸಿಕ್ಕಿತಂತೆ. ಅಕ್ಕ ಈಗಲೂ ಮಲ್ಲಿಗೆ ಬೆಳೆಸುತ್ತಾರೆ, ತಾರಸಿಯಲ್ಲಿ ಮಾತ್ರ. ಅಂಗಳದ ಆ ಜಾಗಕ್ಕೆ ಸಿಮೆಂಟು ಹಾಕಿಸಿದ್ದಾರೆ.

ಈ ವರ್ಷದ ಸುಗ್ಗಿಯಲ್ಲಿ ಓಣಿಯ ಒಂದು ಮನೆಗೆ ಹೊಸಬರು ಬಾಡಿಗೆಗೆ ಬಂದರು, ಬ್ಯಾಂಕಿನಲ್ಲಿ ಕೆಲಸದ ಒಬ್ಬಾಕೆ. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಆಕೆ ತಮ್ಮ ಗೇಟಿನ ಎದುರು ಅಕ್ಕನನ್ನು ನಿಲ್ಲಿಸಿ ಕೇಳುತ್ತಿದ್ದರು. ಅಡುಗೆಮನೆಯ ನಳ್ಳಿ ಸೋರುತ್ತದೆ, ಇಲ್ಲಿ ನಂಬಿಗಸ್ತರು ಯಾರಾದರೂ ಇದ್ದಾರಾ ಎಂದು. ನಾನು ಹತ್ತಿರ ಬಂದುಬಿಟ್ಟಿದ್ದೆ, ಹಿಂದೆ ತಿರುಗುವ ಹಾಗಿರಲಿಲ್ಲ. ಅಕ್ಕ ನನ್ನನ್ನು ನೋಡಿ ಎರಡು ವರ್ಷಕ್ಕೂ ಹೆಚ್ಚಾಗಿತ್ತು, ಅಂದರೆ ಕಣ್ಣಿಟ್ಟು ನೋಡಿ. ಅವತ್ತು ನೋಡಿದರು.

"ಭಟ್ರು ಇದ್ದಾರಲ್ಲ," ಎಂದರು ಆಕೆಗೆ. "ಪೈಪಿನ ವಿಷಯ ಅವರಿಗೆ ಎಲ್ಲ ಗೊತ್ತುಂಟು."

ದನಿಯಲ್ಲಿ ಕುಹಕ ಇರಲಿಲ್ಲ. ಮಾಮೂಲಿ ದನಿಯಲ್ಲಿ ಹೇಳಿ, ಹೂವಿನ ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದರು. ಬ್ಯಾಂಕಿನಾಕೆ ನನಗೆ ಕೈ ಮುಗಿದು, ಸರ್, ಒಮ್ಮೆ ಬರ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ.